ಟಗರಿನ ಒಪ್ಪಿಗೆ

ನಾನು ಸೊಸೆಯಾಗಿ ಹೋದ ಮನೆಯಲ್ಲಿ ಟಗರನ್ನು ಕೇಳದೆ ಟಗರನ್ನು ಮಾರುತ್ತಿರಲಿಲ್ಲ. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ನಾನೂ ಮೊದಲ ಸಲ ನೋಡಿದಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೆ. ಅತ್ತೆ ಕಣ್ಣಲ್ಲೇ ಗದರಿದ ಮೇಲೆ ಕೊಟ್ಟಿಗೆಗೆ ಹೋಗಿ ಮಿಕ್ಕಿದ್ದನ್ನು ಅಲ್ಲಿ ನಕ್ಕು ಮುಗಿಸಿದ್ದೆ.

ಮನೆ ಇದ್ದದ್ದು ಹೆಮ್ಮಿಗೆಯ ಹತ್ತಿರ, ನಾಲೆಯ ಏರಿಯಿಂದ ಕೆಳಗೆ. ಹದಿನಾಲ್ಕು ಹೆಣ್ಣುಕುರಿ, ಒಂದು ಬೀಜದ ಟಗರು, ಆ ವರ್ಷದ ಮರಿಗಳು, ಇಷ್ಟೇ ನಮ್ಮ ಮಂದೆ. ಎಲ್ಲವೂ ಬನ್ನೂರು ತಳಿ. ಗಿಡ್ಡ ಕಾಲು, ಜೋಲುಕಿವಿ, ಹಿಂದಿನಿಂದ ನೋಡಿದರೆ ತುಂಬಿದ ಮೈ. ತೊಂಬತ್ತರ ದಶಕದ ಮೊದಲಲ್ಲಿ ನಾನು ತಾಂಡವಪುರದಿಂದ ಮದುವೆಯಾಗಿ ಬಂದಾಗ ಆ ಮನೆಯ ಗಂಡಸರು ತಾವು ಮೂರು ತಲೆಮಾರಿನಿಂದ ಕುರಿ ಸಾಕಿದವರು ಎಂದು ಹೇಳಿಕೊಂಡರು. ಸಾಕುತ್ತಿದ್ದವರು ಅತ್ತೆ. ಅವರ ಮಂಡಿ ಕೈಕೊಟ್ಟ ಮೇಲೆ ನಾನು. ಹುರುಳಿ ಬೇಯಿಸುವುದು, ಅಗಸೆ ಸೊಪ್ಪು ಕೊಯ್ದು ಕಟ್ಟುವುದು, ಹಿಕ್ಕೆ ಗುಡಿಸುವುದು, ಈಯುವ ಕುರಿಯ ಪಕ್ಕ ಕೂರುವುದು, ಎಲ್ಲವೂ ನಮ್ಮ ಪಾಲು. ಟಗರಿನ ವಿಷಯ ಮಾತ್ರ ಗಂಡಸರದು. ಅದನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ತೀರ್ಮಾನಿಸುವುದು ತಮಗೆ ಮಾತ್ರ ಬರುವ ವಿದ್ಯೆ ಎಂದು ಅವರು ತಿಳಿದಿದ್ದರು. ಆ ವಿದ್ಯೆಯೂ ಅವರಿಗೆ ಬರುತ್ತಿರಲಿಲ್ಲ. ಅದಕ್ಕೇ ಟಗರನ್ನು ಕೇಳುತ್ತಿದ್ದರು.

ಕೇಳುವ ಪದ್ಧತಿ ಹೀಗೆ. ಟಗರಿಗೆ ವಯಸ್ಸಾಯಿತು, ಇನ್ನು ಕಳಿಸಬಹುದು ಎಂದು ಅನ್ನಿಸಿದಾಗ ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಹಣೆಗೆ ಅರಿಶಿನ ಹಚ್ಚಿ, ಕೊರಳಿಗೆ ಮೊಳ ಹೂವು ಹಾಕುತ್ತಿದ್ದರು. ಮನೆಯ ಹಿರಿಯ ಚೊಂಬಿನಲ್ಲಿ ನೀರು ತಂದು ಕತ್ತಿನಿಂದ ಬಾಲದವರೆಗೆ ಹುಯ್ಯಬೇಕು. ಟಗರು ಮೈ ಕೊಡವಿದರೆ ಒಪ್ಪಿತು. ಕೊಡವದಿದ್ದರೆ ಒಪ್ಪಲಿಲ್ಲ, ಇನ್ನೊಂದು ವರ್ಷ ಕೊಟ್ಟಿಗೆಯಲ್ಲೇ ಇರುತ್ತದೆ. ಒಪ್ಪಿತು ಎಂಬ ಮಾತನ್ನು ನೀರು ಹುಯ್ದವರೇ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದ ಮೇಲೇ ಕೊಳ್ಳುವವನು ಹಗ್ಗ ಮುಟ್ಟುವುದು. ಮಾರಮ್ಮನಿಗೆ ಹರಕೆ ಒಪ್ಪಿಸುವಾಗ ಹೀಗೆ ಕೇಳುವುದು ನಮ್ಮ ತಾಂಡವಪುರದಲ್ಲೂ ಇತ್ತು. ಮಾಂಸದಂಗಡಿಗೆ ಕೊಡುವ ಟಗರನ್ನೂ ಕೇಳುವ ಮನೆಯನ್ನು ನಾನು ಕಂಡದ್ದು ಇದೊಂದೇ. ನನ್ನ ಅಪ್ಪ ಟಗರಿನ ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದ, ಕಳಿಸುತ್ತಿದ್ದ. ಆ ಮಧ್ಯಾಹ್ನ ಅವನಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ, ಅಷ್ಟೇ.

ಟಗರನ್ನು ಕೇಳುವ ಆ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಧಾರೆಯ ದಿನ ನನ್ನ ಕೈ ಮೇಲೂ ನೀರು ಹುಯ್ದರು. ನಾನು ಮೈ ಕೊಡವಿದೆನೋ ಇಲ್ಲವೋ ಎಂದು ಒಬ್ಬರೂ ನೋಡಲಿಲ್ಲ.

ಮದುವೆಯಾದ ಮರುವರ್ಷ ನಾನು ನೋಡಿದ ಮೊದಲ ಟಗರು ನೀರು ಬೀಳುವ ಮೊದಲೇ, ಬೆನ್ನ ಮೇಲೆ ನೊಣ ಕೂತು, ಮೈ ಕೊಡವಿತು. "ಒಪ್ತು, ಒಪ್ತು" ಎಂದು ಚಿಕ್ಕಮಾವ ಕೂಗಿಕೊಂಡರು. ಚಿಕ್ಕಮಾವ ಎಂದರೆ ನನ್ನ ಮಾವನ ತಮ್ಮ. ಅವರು ಒಂದು ಬಕೆಟ್ ನೀರು ಎತ್ತಿದ್ದನ್ನು ಕಂಡವರಿಲ್ಲ. ಆದರೆ ಕುರಿಯ ವಿಷಯದಲ್ಲಿ ಅವರಷ್ಟು ತಿಳಿದವರು ನರಸೀಪುರ ತಾಲ್ಲೂಕಿನಲ್ಲೇ ಇರಲಿಲ್ಲ, ಹಾಗೆಂದು ಅವರೇ ಹೇಳುತ್ತಿದ್ದರು. ಮಾವ ಮಾತ್ರ ನಿಧಾನವಾಗಿ ನೀರು ಹುಯ್ದು, "ಒಪ್ತು" ಎಂದು ಗೊಣಗಿ, ಹಗ್ಗ ಕೊಟ್ಟು ಒಳಗೆ ಹೋದರು. ಸಂಜೆ ಕೊಂಡವನು ಒಂದು ಪಾಲು ಮಾಂಸ ಕಳಿಸಿದ. ಮಾವ ತಟ್ಟೆ ಮುಟ್ಟಲಿಲ್ಲ. ಚಿಕ್ಕಮಾವ ಟವೆಲಿನಲ್ಲಿ ಕಣ್ಣೊರೆಸಿಕೊಂಡು, "ಪುಣ್ಯಾತ್ಮ, ತಾನಾಗೇ ಒಪ್ಕಂಡು ಓದ" ಎಂದು ಹೇಳಿ, ಮೂಳೆಯ ಚೂರು ಇನ್ನೂ ಇದೆಯಾ ಎಂದು ಎರಡು ಸಲ ಕೇಳಿದರು. ಬಡಿಸಿದವಳು ನಾನು.

ಅದರ ಜಾಗಕ್ಕೆ ಬಂದ ಟಗರೇ ಈ ಕಥೆಯದು. ಬಿಳಿ ಮೈ, ಕತ್ತಿನ ಮೇಲೊಂದು ಕಂದು ಪಟ್ಟೆ. ಹಾಲುಹಲ್ಲಿನ ಮರಿಯಾಗಿದ್ದಾಗಲೇ ಮಾವ ಬನ್ನೂರು ಕಡೆಯಿಂದ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ದಿನಾ ಸಂಜೆ ಬೆಂದ ಹುರುಳಿಯ ಮೊದಲ ಹಿಡಿ ಅದಕ್ಕೆ, ಮಾವನ ಕೈಯಿಂದಲೇ. ಅತ್ತೆ ಮಂಡಿನೋವಿನಿಂದ ನರಳುವಾಗ ಒಂದು ಸಲವೂ ಬಿಸಿನೀರು ಕಾಯಿಸಿಕೊಡದ ಮನುಷ್ಯ ಆ ಟಗರಿನ ಕಾಲಿಗೆ ಮುಳ್ಳು ಚುಚ್ಚಿದಾಗ ಅರ್ಧ ದಿನ ಅದರ ಗೊರಸು ಹಿಡಿದು ಕೂತಿದ್ದರು. ನನಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ವರ್ಷಗಳು ಹೋದವು. ಟಗರಿನ ಮಗಳಂದಿರು ಬೆಳೆದು ಬೆದೆಗೆ ಬಂದರು. ಟಗರು ಹೋಗಲಿಲ್ಲ. ತಂದೆಯೇ ಮಗಳಂದಿರ ಮೇಲೆ ಹಾರಿತು. ಆಮೇಲೆ ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಕೆಳದವಡೆ ಗಿಡ್ಡ. ಮೊಲೆಗೆ ಬಾಯಿ ಕೂಡುತ್ತಿರಲಿಲ್ಲ. ನಾನು ಹಾಲು ಕರೆದು ಸೀಸೆಯಲ್ಲಿ ಕುಡಿಸಿದರೆ ಮೂಗಿನಿಂದ ಹೊರಗೆ ಬರುತ್ತಿತ್ತು. ಮೊದಲನೆಯದು ನಾಲ್ಕನೆಯ ದಿನ ನನ್ನ ಮಡಿಲಲ್ಲೇ ಸತ್ತಿತು. ಆ ವರ್ಷ ಮೂರು ಸತ್ತವು. ಮರುವರ್ಷ ಐದು. ನರಸೀಪುರದಿಂದ ಬಂದ ಪಶುವೈದ್ಯರು ಒಂದು ಮರಿಯ ಬಾಯಿ ನೋಡಿದವರೇ ಹೇಳಿದರು: "ಅಪ್ಪನಿಗೇ ಮಗಳನ್ನ ಕಟ್ಟಿದ್ರೆ ಇನ್ನೇನಾಗುತ್ತಮ್ಮಾ? ಮೊದಲು ಟಗರು ಬದಲಾಯಿಸಿ." ಬೀಜ ಒಡೆದುಬಿಡಲೇ ಎಂದೂ ಕೇಳಿದರು. ಅದಕ್ಕೆ ಚಿಕ್ಕಮಾವ ತಮಗೇ ಆ ಮಾತು ಹೇಳಿದರೇನೋ ಎಂಬಂತೆ ಎದ್ದು ನಿಂತು, "ಇಷ್ಟ್ ವರ್ಸ ಗಂಡಾಗಿ ಬಾಳೈತೆ ಸಾ, ಬ್ಯಾಡಿ" ಎಂದರು. ನಾನು ಟಗರನ್ನು ಬೇರೆ ಕಟ್ಟಿದೆ. ಒಂಟಿಯಾಗಿ ಬಡವಾಗುತ್ತದೆ ಎಂದು ಮಾವ ಬಿಚ್ಚಿಬಿಟ್ಟರು. ಮತ್ತೆ ಕಟ್ಟಿದೆ, ಮತ್ತೆ ಬಿಚ್ಚಿದರು.

ನನಗೆ ಬೇಕಾಗಿದ್ದದ್ದು ಒಂದೇ, ಆ ಟಗರು ಆ ಮಂದೆಯಿಂದ ಹೋಗಬೇಕು. ಇಲ್ಲದಿದ್ದರೆ ಇನ್ನೆರಡು ವರ್ಷಕ್ಕೆ ನಾನು ಸಾಕಿದ ಮಂದೆಯಲ್ಲಿ ಮೊಲೆ ಚೀಪಲು ಬರುವ ಒಂದು ಮರಿಯೂ ಹುಟ್ಟುವುದಿಲ್ಲ. ಹೇಳಿದೆ. "ಕೇಳ್ತೀನಿ ತಡಿಯವ್ವ" ಎಂದರು ಮಾವ. ಯಾರನ್ನು? ಟಗರನ್ನು.

ಕೇಳಿದರು. ಅರಿಶಿನ ಹಚ್ಚಿ, ಹೂವು ಹಾಕಿ, ನೂಲಿನಷ್ಟು ಸಣ್ಣಗೆ ನೀರು ಬಿಟ್ಟರು. ಟಗರು ಅಲ್ಲಾಡಲಿಲ್ಲ. "ಒಪ್ನಿಲ್ಲ ಕಣವ್ವ. ನಾನೇನ್ ಮಾಡ್ಲಿ, ಅದ್ರ ಇಷ್ಟ" ಎಂದರು. ಮರುವರ್ಷವೂ ಅದೇ ಆಟ, ಅದೇ ಮಾತು. ಆ ಎರಡನೆಯ ಸಲ ನಾನು ಟಗರಿನ ಮೈ ಮುಟ್ಟಿ ನೋಡಿದೆ. ಜಿಡ್ಡು. ಉಣುಗು ಹುಳ ಹತ್ತುವುದಿಲ್ಲ ಎಂದು ಮಾವ ಬೆಳಿಗ್ಗೆಯೇ ಕತ್ತಿನಿಂದ ಬಾಲದವರೆಗೆ ಹೊಂಗೆ ಎಣ್ಣೆ ಬಳಿದಿದ್ದರು. ನೀರು ಚರ್ಮಕ್ಕೆ ತಾಗದೆ ಜಾರಿಹೋಗುತ್ತಿತ್ತು. ಚಳಿ ತಾಗದ ಟಗರು ಯಾಕೆ ಕೊಡವುತ್ತದೆ?

"ಎಣ್ಣೆ ಬಳ್ದು ಕೇಳುದ್ರೆ ಯಾವ್ ಟಗರು ಒಪ್ತದೆ ಮಾವ?" ಎಂದುಬಿಟ್ಟೆ.

ಮಾವ ಚೊಂಬು ಕೆಳಗಿಟ್ಟು ಏರಿಯ ಕಡೆ ಹೋದರು. ನನ್ನ ಗಂಡ, ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಆಗತಾನೆ ಬಸ್ಸಿಳಿದು ಬಂದವರು, "ಅಪ್ಪನ್ ಮುಂದೆ ಅಂಗೆಲ್ಲ ಮಾತಾಡ್ಬೇಡ ಕಣಮ್ಮಿ" ಎಂದರು. ದೆಹಲಿಯ ಸರ್ಕಾರ ಬೀಳುತ್ತದೋ ನಿಲ್ಲುತ್ತದೋ ಎಂಬ ಬಗ್ಗೆ ನನ್ನ ಗಂಡನಿಗೆ ಖಡಾಖಂಡಿತ ಅಭಿಪ್ರಾಯವಿತ್ತು. ಸ್ವಂತ ಕೊಟ್ಟಿಗೆಯ ಟಗರಿನ ವಿಷಯ ಬಂದರೆ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದರು. ಟಗರು ಹೋಗಬೇಕೋ ಬೇಡವೋ ಎಂದು ಕೇಳಿದೆ. "ನಂಗೇನೋ ಓಗದೇ ಸರಿ ಅನ್ನುಸ್ತದೆ, ಆದ್ರೆ ಅಪ್ಪ ಯೋಳದೂ ಸರಿನೇ" ಎಂದು ಕಾಲು ತೊಳೆಯಲು ಹೋದರು.

ಮೂರು ಗಂಡಸರು. ಒಬ್ಬರಿಗೆ ಕಳಿಸಲು ಮನಸ್ಸಿಲ್ಲ, ಅದನ್ನು ಹೇಳುವ ಧೈರ್ಯವಿಲ್ಲ. ಒಬ್ಬರಿಗೆ ತಿನ್ನಲು ಆಸೆ, ಅದನ್ನು ಹೇಳಲು ನಾಚಿಕೆ. ಇನ್ನೊಬ್ಬರಿಗೆ ಎರಡೂ ಸರಿ. ಮೂವರೂ ಸೇರಿ ತಮ್ಮ ಬಾಯಲ್ಲಿ ಬರದ ಮಾತನ್ನು ಒಂದು ಮೂಕಪ್ರಾಣಿಯ ಬೆನ್ನಿನಿಂದ ಹೊರಡಿಸಲು ಕಾಯುತ್ತಿದ್ದರು. ನನಗೆ ಅವರ ಮೇಲೆ ಆಗ ಬಂದ ಹೇಸಿಗೆಯನ್ನು ಇಂದಿಗೂ ಅಲ್ಲಗಳೆಯುವುದಿಲ್ಲ.

ಇಸವಿ ಎರಡು ಸಾವಿರ ದಾಟಿತ್ತು. ಆ ವರ್ಷ ನಾನು ಮುಂಚೆಯೇ ಹೇಳಿಬಿಟ್ಟೆ, ಈ ಸಲ ನೀರು ಹುಯ್ಯುವವಳು ನಾನು, ಇಲ್ಲವಾದರೆ ನಾಳೆಯಿಂದ ಕೊಟ್ಟಿಗೆಗೆ ನೀವೇ ಇಳಿಯಿರಿ. ಹೆಂಗಸು ಕೇಳುವ ಪದ್ಧತಿ ಇಲ್ಲ ಎಂದು ಚಿಕ್ಕಮಾವ ಬಾಯಿ ಹಾಕಿದರು. ಹಾಗಿದ್ದರೆ ಹಿಕ್ಕೆ ಗುಡಿಸುವ ಪದ್ಧತಿ ನಿಮಗೆ ಗೊತ್ತಿದೆಯಾ ಎಂದೆ. "ಉಯ್ಲಿ ಬುಡು" ಎಂದರು ಮಾವ.

ಮೂರು ದಿನ ಟಗರಿಗೆ ಸೀಗೆಪುಡಿ ಹಚ್ಚಿ ನಾಲೆಯಲ್ಲಿ ಉಜ್ಜಿ ತೊಳೆದೆ. ಒಂದು ತೊಟ್ಟು ಎಣ್ಣೆ ಉಳಿಯಲಿಲ್ಲ. ಮುದಿಯಾಗಿತ್ತು ಪಾಪ, ಮುಂದಿನ ಎರಡು ಹಲ್ಲು ಉದುರಿದ್ದವು, ಹಿಂಗಾಲು ಸ್ವಲ್ಪ ಎಳೆಯುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಸೋಸಲೆ ಕಡೆಯಿಂದ ಕೊಳ್ಳುವವನು ಮೊಪೆಡ್ಡಿನಲ್ಲಿ ಬಂದ. ಹೆಚ್ಚು ಮಾತಿನವನಲ್ಲ, ಒಳ್ಳೆಯ ಮನುಷ್ಯ. ನಾನು ಬಾವಿಯಿಂದ ಆಗತಾನೆ ಸೇದಿದ ತಣ್ಣೀರು ಹುಯ್ದೆ, ಕತ್ತಿನಿಂದ ಬಾಲದವರೆಗೆ, ಧಾರಾಳವಾಗಿ.

ಟಗರು ಅಲ್ಲಾಡಲಿಲ್ಲ.

ಇನ್ನೊಂದು ಚೊಂಬು ಹುಯ್ದೆ. ಮತ್ತೊಂದು. ಮೈಯೆಲ್ಲ ತೊಯ್ದು ನೀರು ಇಳಿಯುತ್ತಿತ್ತು. ಅದು ತಲೆಯನ್ನು ನನ್ನ ಮಂಡಿಗೆ ಒತ್ತಿ, ನನ್ನ ಎಡಗೈಯನ್ನು ನೆಕ್ಕಿತು. ಹುರುಳಿ ತಂದಿರಬೇಕು ಅಂದುಕೊಂಡಿತೋ ಏನೋ. ಮಾವನ ಮುಖ ಅರಳಿದ್ದನ್ನು ನಾನು ನೋಡಿದೆ. "ಕಂಡ್ಯಾ?" ಎಂದರು ಚಿಕ್ಕಮಾವ. ನನಗೆ ಎಲ್ಲಿತ್ತೋ ಸಿಟ್ಟು.

"ಇದು ಒಪ್ಪಿಲ್ಲ. ಒಪ್ಪದೂ ಇಲ್ಲ. ಕುಯ್ಯಕ್ಕೆ ಯಾವ್ ಪ್ರಾಣಿ ಒಪ್ತದೆ? ಕಳುಸ್ತಿರೋಳು ನಾನು. ಪಾಪ ಬಂದ್ರೆ ನಂಗೇ ಬರ್ಲಿ. ತಕಂಡೋಗಪ್ಪ" ಎಂದು ಹಗ್ಗವನ್ನು ಕೊಳ್ಳುವವನ ಕಡೆ ಚಾಚಿದೆ.

ಮೂರು ತಲೆಮಾರಿನಲ್ಲಿ ಆ ಅಂಗಳದಲ್ಲಿ ಯಾರೂ ಆಡದ ನಿಜ ಆಡಿದ್ದೆ. ಎದೆ ಹಗುರವಾಗಿತ್ತು. ಆ ಮನುಷ್ಯ ಹಗ್ಗ ಮುಟ್ಟಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದ.

"ಅಂಗಂದ್ಬುಟ್ರೆ ನಾನೆಂಗ್ ತಾಯಿ ತಕಂಡೋಗ್ಲಿ? ನಾನೂ ಮಕ್ಕಳೊಂದಿಗ. ಅದು ಜಾಡುಸ್ಲೇಬೇಕು ಅಂತ ನಾನೇನ್ ಅಂತಿಲ್ಲ. ನೀರುಯ್ದೋರು ನೀವು, ಒಪ್ತು ಅಂತ ಒಂದ್ ಮಾತ್ ಅನ್ಬುಡಿ, ಸಾಕು. ಇಲ್ದೇ ಓದ್ರೆ ಬ್ಯಾಡಿ."

ಮಾವ ನೆಲ ನೋಡುತ್ತಿದ್ದರು. ಗಂಡ ಮೊಪೆಡ್ಡಿನ ಚಕ್ರ ನೋಡುತ್ತಿದ್ದರು. ಕೊಟ್ಟಿಗೆಯ ತಡಿಕೆಯ ಆಚೆ ಎರಡು ಎಳೆಯ ಹೆಣ್ಣುಕುರಿಗಳು ನಿಂತಿದ್ದವು, ಈ ಟಗರಿನ ಮಗಳಂದಿರ ಮಗಳಂದಿರು. ಹದಿನೈದು ದಿನದಲ್ಲಿ ಬೆದೆಗೆ ಬರುವಂಥವು. ಕೊಳ್ಳುವವನು ಮೊಪೆಡ್ಡಿನ ಸ್ಟ್ಯಾಂಡು ತೆಗೆದ. ಟಗರು ಇನ್ನೂ ನನ್ನ ಕೈ ನೆಕ್ಕುತ್ತಿತ್ತು.

"ಒಪ್ತು" ಎಂದೆ.

ಅವನು ತಟ್ಟನೆ ಬಂದು ಹಗ್ಗ ತೆಗೆದುಕೊಂಡ. ಕಾಲು ಕಟ್ಟಿ, ಮೊಪೆಡ್ಡಿನ ಮುಂಭಾಗದಲ್ಲಿ ಅಡ್ಡ ಮಲಗಿಸಿ, ಕೈ ಮುಗಿದು ಹೊರಟ. ಟಗರು ಒಂದು ಸಲವೂ ಕೂಗಲಿಲ್ಲ. ಎಲ್ಲರೂ ನೆಮ್ಮದಿಯಾಗಿ ಉಸಿರು ಬಿಟ್ಟರು. ಒಪ್ಪಲಿಲ್ಲ ಎಂದು ಕಣ್ಣಾರೆ ಕಂಡವರೇ ಅವರೆಲ್ಲ. ಚಿಕ್ಕಮಾವ ಆಗಲೇ, ಕೊನೆಗೂ ದೊಡ್ಡ ಮನಸ್ಸು ಮಾಡ್ತು ನೋಡು ಎಂದು ಶುರು ಮಾಡಿದ್ದರು.

ಮಾವ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ತುಂಬಿತ್ತು ಅವರಿಗೆ. ನನ್ನ ಕೈಯಿಂದ ಖಾಲಿ ಚೊಂಬು ತೆಗೆದುಕೊಂಡು, ಬೆನ್ನು ತಟ್ಟಿ, "ಈಗ ನೀನು ನಮ್ಮನೆಯೋಳಾದೆ ಕಣವ್ವ" ಎಂದರು.

ಕುಹಕವಿರಲಿಲ್ಲ ಅದರಲ್ಲಿ. ಮನಸಾರೆ ಹೇಳಿದ್ದರು. ಒಂಬತ್ತು ವರ್ಷ ಹಿಕ್ಕೆ ಗುಡಿಸಿದ್ದಕ್ಕೆ, ಸತ್ತ ಮರಿಗಳನ್ನು ಮಡಿಲಲ್ಲಿಟ್ಟು ಕೂತಿದ್ದಕ್ಕೆ ಸಿಗದ ಮಾತು ಅವತ್ತು ಆ ಒಂದು ಸುಳ್ಳಿಗೆ ಸಿಕ್ಕಿತು. ಅದನ್ನು ಅವರ ಮುಖದ ಮೇಲೇ ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ನನಗೆ ಖುಷಿಯಾಗಿತ್ತು. ನಿಜವಾಗಿಯೂ ಖುಷಿಯಾಗಿತ್ತು. ಆ ಗಂಡಸರನ್ನು ನಾನು ಕ್ಷಮಿಸಿಬಿಟ್ಟಿದ್ದೇನೆ. ಆ ಖುಷಿಯನ್ನು ಮಾತ್ರ ಇನ್ನೂ ಕ್ಷಮಿಸಿಕೊಂಡಿಲ್ಲ.

ಹೊಸ ಟಗರು ಬಂತು. ಮರುವರ್ಷ ಹುಟ್ಟಿದ ಹನ್ನೊಂದು ಮರಿಗಳಿಗೂ ದವಡೆ ನೆಟ್ಟಗಿತ್ತು, ಬಿದ್ದ ಗಳಿಗೆಯಲ್ಲೇ ಎದ್ದು ಮೊಲೆ ಹುಡುಕಿದವು. ಅಲ್ಲಿಂದ ಚೊಂಬು ನನ್ನ ಕೈಗೇ ಬಂತು. ಈ ನಾಟಕ ಸಾಕು, ಹಲ್ಲು ನೋಡಿ ಕಳಿಸೋಣ ಎಂದು ಒಂದು ಮಾತು ಹೇಳಿದ್ದರೆ ಪದ್ಧತಿ ಅಲ್ಲಿಗೇ ನಿಲ್ಲುತ್ತಿತ್ತು. ಆಗ ನನ್ನ ಮಾತು ಆ ಮನೆಯಲ್ಲಿ ನಡೆಯುತ್ತಿತ್ತು. ಹೇಳಲಿಲ್ಲ. ಎರಡು ವರ್ಷಕ್ಕೊಂದರಂತೆ, ಮಂದೆ ಮಾರುವವರೆಗೆ, ನಾಲ್ಕು ಟಗರು ಕಳಿಸಿದೆ. ಅರಿಶಿನ ಹಚ್ಚಿದವಳು ನಾನು, ನೀರು ಹುಯ್ದವಳು ನಾನು. ನಾಲ್ಕೂ ಒಪ್ಪಿದವು.