ತಕ್ಕಡಿಯವರು ಪೈಪು ಆರಿಸಿದ್ದು

ನನ್ನ ಯಜಮಾನರನ್ನು ಪೇಟೆಯವರೆಲ್ಲ ‘ತಕ್ಕಡಿ’ ಎಂದೇ ಕರೆಯುತ್ತಿದ್ದರು. ಅಂಗಡಿಗಳ ತೂಕ, ಅಳತೆ ಸರಿಯಿದೆಯೇ ಎಂದು ತಪಾಸಣೆ ಮಾಡುವ ಸರ್ಕಾರಿ ಕೆಲಸ ಅವರದು. ಜೀವಮಾನವೆಲ್ಲ ಅಂಗಡಿಯವರನ್ನು ಅನುಮಾನಿಸಿಯೇ ಸಂಬಳ ತಂದವರು. ಮನೆಗೆ ಬಂದ ಮೇಲಾದರೂ ಆ ಬುದ್ಧಿಯನ್ನು ಕೋಟಿನ ಜೊತೆ ಗೂಟಕ್ಕೆ ನೇತುಹಾಕಬೇಕೋ ಬೇಡವೋ? ಇಲ್ಲ, ಮೊಸರಲ್ಲಿ ಕಲ್ಲು ಹುಡುಕುವ ಪೈಕಿ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಾನೂ ಸುಮ್ಮನಿದ್ದೆ.

ನಿವೃತ್ತಿಯಾದ ಮೇಲೆ ಅವರ ಕಣ್ಣು ಹೋಯಿತು. ಮೊದಲು ಒಂದು, ಆಮೇಲೆ ಇನ್ನೊಂದು. ಆಗ ಶುರುವಾಯಿತು ನೋಡಿ ನನ್ನ ಗ್ರಹಚಾರ. ಅಂಗಡಿಯವರ ಮೇಲಿದ್ದ ಅನುಮಾನವೆಲ್ಲ ನನ್ನ ಮೇಲೆ ತಿರುಗಿತು. ನಾನು ಮೋಸ ಮಾಡುತ್ತೇನೆಂದಲ್ಲ. ಅಯ್ಯೋ ಪಾಪ ಎಂದುಕೊಂಡು ಸುಳ್ಳು ಹೇಳುತ್ತೇನೆಂದು. ಅಂಗಿ ಶುಭ್ರವಾಗಿದೆ ಎಂದರೆ ಪಕ್ಕದ ಮನೆಯವರನ್ನು ಕೇಳುವರು. ಗಡ್ಡ ಕೆರೆದುಕೊಂಡ ಮುಖದಲ್ಲಿ ಗಾಯ ಕಾಣುವುದಿಲ್ಲ ಎಂದರೆ ಪೋಸ್ಟಿನವನನ್ನು ನಿಲ್ಲಿಸಿ ಕೇಳುವರು. ತಾಳ್ಮೆಗೂ ಒಂದು ಮಿತಿ ಬೇಡವೇ? ಇನ್ನೊಂದು ಸಲ ನನ್ನ ಮಾತನ್ನು ಕಂಡವರ ಹತ್ತಿರ ಖಾತ್ರಿ ಮಾಡಿಕೊಂಡರೆ ಮಗಳ ಮನೆಗೆ ಹೊರಟುಬಿಡುತ್ತೇನೆ, ಆಮೇಲೆ ಯಾರ ಕಣ್ಣು ಬೇಕೋ ಬಾಡಿಗೆಗೆ ತಂದುಕೊಳ್ಳಿ ಎಂದು ಅವರಿಗೆ ಹೇಳಿಯೇ ಬಿಟ್ಟಿದ್ದೆ. ಬಾಯಿಮಾತಿಗೆ ಹೇಳಿದ್ದಲ್ಲ, ನಿಜಕ್ಕೂ ಹೊರಡುವವಳಿದ್ದೆ.

ಅಂಥದರಲ್ಲಿ ಅವರು ಹೊಗೆಸೊಪ್ಪು ಸೇದುವ ಹಳೇ ಪೈಪು ಕೈಜಾರಿ ಬಿದ್ದು ಒಡೆಯಿತು. ಪೀಡೆ ತೊಲಗಿತು, ಇನ್ನಾದರೂ ಹೊಗೆ ಬಿಡುವುದು ನಿಂತೀತು ಎಂದುಕೊಂಡೆ. ಅವರು ಬಿಡಬೇಕಲ್ಲ! ಈ ಸಲ ಸ್ಯಾಂಡ್‌ಬ್ಲಾಸ್ಟ್ ಮಾಡಿದ ಬ್ರಯರ್ ಪೈಪೇ ಬೇಕು ಎಂದರು. ಬ್ರಯರ್ ಎಂಬ ಗಿಡದ ಬುಡದ ಗಂಟಿನಲ್ಲಿ ಪೈಪು ಕೊರೆದು, ಅದರ ಮೇಲೆ ರಭಸದ ಗಾಳಿಯಲ್ಲಿ ಮರಳು ಹೊಡೆಯುತ್ತಾರಂತೆ. ಮೆತ್ತನೆಯ ಭಾಗ ಉದುರಿ, ಮರದ ಗಟ್ಟಿ ಗೆರೆಗಳು ಉಬ್ಬಿ ನಿಲ್ಲುತ್ತವಂತೆ.

“ನುಣ್ಣಗಿರೋದ್ರಲ್ಲಿ ತೂತಿಗೆ ಪುಟ್ಟಿ ತುಂಬಿ ಪಾಲಿಷ್ ಹೊಡೆದುಬಿಟ್ರೆ ನನಗೇನು ಗೊತ್ತಾಗತ್ತೆ? ಗೆರೆ ಇದ್ರೆ ಬೆರಳಲ್ಲೇ ಓದ್ಕೋಬಹುದು” ಎಂದರು.

ಪೈಪಿನ ಅಂಗಡಿಯೊಳಗೆ ಗಾಜಿನ ಕಪಾಟು, ಹೊಗೆಸೊಪ್ಪಿನ ಡಬ್ಬಿಗಳು, ಕೌಂಟರಿನ ಮೇಲೊಂದು ಸಣ್ಣ ತಕ್ಕಡಿ. ಹಿಂದೊಮ್ಮೆ ಇದೇ ಅಂಗಡಿಯ ತಕ್ಕಡಿಯನ್ನು ನಮ್ಮವರು ಜಪ್ತಿ ಮಾಡಿದ್ದರು. ಅಂಗಡಿಯವನು ಕೂಡಲೇ ಗುರುತು ಹಿಡಿದ.

“ಬನ್ನಿ ಸಾರ್, ಬನ್ನಿ. ಈಗ ನಮ್ಮ ತಕ್ಕಡಿ ಸರಿಯಾಗೇ ಇದೆ.”

ಯಾರಪ್ಪಾ ಕೇಳಿದರು ಇವನನ್ನು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹಳೇ ಸೇಡು ತೀರಿಸಿಕೊಳ್ಳದೆ ಈ ಮನುಷ್ಯ ಬಿಡುವುದಿಲ್ಲ ಎಂದು ನನಗೂ ಅನ್ನಿಸತೊಡಗಿತು. ಸಹವಾಸ ದೋಷ.

ಅವನು ಬಟ್ಟೆ ಹಾಸಿ ಪೈಪುಗಳನ್ನಿಟ್ಟ. ನಮ್ಮವರು ಒಂದೊಂದನ್ನೇ ಅಂಗೈಯಲ್ಲಿ ತೂಗಿದರು, ಬಾಯಿಗಿಡುವ ಕೊಳವೆ ಕೂಡುವ ಕಡೆ ಉಗುರು ಆಡಿಸಿದರು, ಸಣ್ಣ ತಂತಿ ತೂರಿಸಿ ಹೊಗೆಸೊಪ್ಪು ತುಂಬುವ ಬಟ್ಟಲಿನ ತಳ ಮುಟ್ಟಿ ನೋಡಿದರು.

“ಇದು ಭಾರ. ದವಡೆ ಬಿದ್ದುಹೋಗತ್ತೆ.”

“ಇದರ ಹೊಗೆ ತೂತು ತಳಕ್ಕಿಂತ ಮೇಲಿದೆ. ಕೆಳಗೆ ಒದ್ದೆ ನಿಲ್ಲತ್ತೆ.”

“ಇದು ಮರಳು ಹೊಡೆದಿದ್ದಲ್ಲ, ಮಿಷನ್ನಲ್ಲಿ ಕೆತ್ತಿದ್ದು. ಗೆರೆಯೆಲ್ಲ ಒಂದೇ ಅಳತೆ. ಯಾವ ಮರ ಹೀಗೆ ಬೆಳೆಯತ್ತಯ್ಯಾ?”

“ಏನು ಸಾರ್, ಡಾಕ್ಟರೂ ಇಷ್ಟು ಮುಟ್ಟಿ ನೋಡಲ್ಲ” ಎಂದ ಅಂಗಡಿಯವನು.

“ಅದಕ್ಕೇ ನನ್ನ ಕಣ್ಣು ಹೋಗಿದ್ದು.”

ಕೊನೆಗೆ ಒಂದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, “ಇದೇ ಆಗ್ಲಿ. ಹೇಗಿದೆ ನೋಡು” ಎಂದು ನನ್ನ ಕೈಗೆ ಕೊಟ್ಟರು.

ಬಾಗಿಲ ಬೆಳಕಿಗೆ ಹಿಡಿದೆ. ಸುತ್ತಲೂ ಚೆಂದದ ಗೆರೆಗಳು. ಬುಡದ ಹತ್ತಿರ ಮಾತ್ರ ಬೇಳೆಯಷ್ಟಗಲ ಗೆರೆಯೇ ಇಲ್ಲ, ಬಣ್ಣವೂ ಕೆಂಪಗೆ ಬೇರೆಯಾಗಿ ಕಾಣುತ್ತಿತ್ತು. ಪುಟ್ಟಿ! ತಲೆಯೆತ್ತಿದರೆ ಅಂಗಡಿಯವನೂ ಅದನ್ನೇ ನೋಡುತ್ತಿದ್ದಾನೆ. ಹೇಳಬೇಡಿ ಎಂಬಂತೆ ನನ್ನತ್ತ ಮೆಲ್ಲಗೆ ತಲೆಯಾಡಿಸಿದ. ಕಣ್ಣಿಲ್ಲದವರ ಖುಷಿ ಕೆಡಿಸಬಾರದೆಂಬ ಕರುಣೆಯೋ, ತಕ್ಕಡಿ ಹೋದ ಸಿಟ್ಟೋ, ದೇವರೇ ಬಲ್ಲ.

ನಮ್ಮವರ ಮುಖ ನೋಡಿದೆ. ಕಣ್ಣು ಹೋದ ಮೇಲೆ ಮೊದಲ ಸಲ ತಾವೇ ಒಂದು ವಸ್ತು ಆರಿಸಿದ ಗೆಲುವು ಅಲ್ಲಿತ್ತು. ಬೆರಳನ್ನಾದರೂ ನಂಬಿಕೊಂಡಿದ್ದಾರೆ, ಅದೂ ಸುಳ್ಳೆಂದರೆ ಈ ಮನುಷ್ಯನಿಗೆ ಇನ್ನೇನು ಉಳಿಯಿತು? ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ, ‘ಇನ್ನೂ ಒಂದೆರಡು ನೋಡೋಣ’ ಎನ್ನಲು ಬಾಯಿ ತೆರೆದೆ. ಬಂದ ಮಾತು ಬೇರೆ.

“ರೀ, ಇದು ಬೇಡ. ಬುಡದಲ್ಲಿ ಪುಟ್ಟಿ ತುಂಬಿದ್ದಾರೆ. ನಿಮ್ಮ ಬೆರಳಿಗೆ ಸಿಕ್ಕಿಲ್ಲ.”

ಅವರು ಪೈಪು ವಾಪಸು ತೆಗೆದುಕೊಂಡರು. ತಡಕಾಡಲಿಲ್ಲ. ಹೆಬ್ಬೆರಳನ್ನು ನೇರವಾಗಿ ಆ ಜಾಗದ ಮೇಲೇ ಇಟ್ಟರು.

“ಸಿಕ್ಕಿತ್ತು ಕಣೆ. ಗೆರೆ ಇಲ್ಲಿಗೆ ಬಂದು ಕಡಿದುಹೋಗತ್ತೆ. ನೀನು ಹೇಳ್ತೀಯೋ ಇಲ್ವೋ ಅಂತ ನೋಡ್ದೆ.” ಎಡಗೈ ಕೆಳಗೆ ಮುಚ್ಚಿಟ್ಟುಕೊಂಡಿದ್ದ ಇನ್ನೊಂದು ಪೈಪನ್ನು ಮುಂದೆ ತಳ್ಳಿದರು. “ನನಗೆ ಬೇಕಾಗಿರೋದು ಇದು. ಕಟ್ಟಿಕೊಡಯ್ಯಾ.”

ನನಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲು ದಾಟುತ್ತಲೇ ಕೂಗಾಡಿದೆ. “ಇಷ್ಟು ವರ್ಷ ಸಂಸಾರ ಮಾಡಿ, ಕೊನೆಗೆ ನನ್ನನ್ನೇ ತೂಕಕ್ಕೆ ಹಾಕಿದ್ರಾ? ಅದೂ ಅವನ ಎದುರಿಗೆ? ನಾಚಿಕೆ ಆಗಲ್ವಾ ನಿಮಗೆ? ನಾಳೇನೇ ಮಗಳ ಮನೆಗೆ ಹೋಗ್ತೀನಿ, ನೋಡ್ತಾ ಇರಿ!”

ನಾನು ಉಸಿರು ತೆಗೆದುಕೊಳ್ಳುವವರೆಗೆ ಅವರು ಕಾದರು.

“ಅಂಗಡಿಯವನು ಸುಳ್ಳು ಹೇಳಿದ್ರೆ ಇನ್ನೊಂದು ಅಂಗಡಿ ಇದೆ. ನೀನು ಸುಳ್ಳು ಹೇಳಿದ್ರೆ ನಾನೆಲ್ಲಿಗೆ ಹೋಗ್ಲಿ? ಭಯ ಆಗತ್ತೆ ಕಣೆ.”

ಈ ಮನುಷ್ಯನ ಬಾಯಲ್ಲಿ ಭಯ ಎಂಬ ಮಾತನ್ನು ನಾನು ಒಂದು ದಿನವೂ ಕೇಳಿದವಳಲ್ಲ. ಬೈಯಲು ಇನ್ನೂ ಎಷ್ಟೋ ಇತ್ತು.

“ಮುಂದೆ ಮೆಟ್ಟಿಲಿದೆ” ಎಂದೆ.

ಕೈಯಲ್ಲಿದ್ದ ಕೋಲು ಊರಿಯೂ ನೋಡದೆ ಕಾಲಿಟ್ಟರು.