ಹಾವಗೆಪ್ಪನ ಪುಸ್ತಕ ಇಡುವ ಜಾಗ

ಹಾವಗೆಪ್ಪನ ಪುಸ್ತಕ ನೆನೆದರೆ ಇಂದಿಗೂ ನನಗೆ ಹೇಸಿಗೆಯಾಗುತ್ತದೆ. ಸುಂದರಬಾಯಿ ಇಲ್ಲದಿದ್ದರೆ ಅದನ್ನು ನಾನೂ ನಂಬುತ್ತಿದ್ದೆ.

ಭಾಲ್ಕಿಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ವಾಚನಾಲಯಕ್ಕೆ ಅವರು ಹಲಬರ್ಗಾದಿಂದ ವಾರವಾರ ಬಂದು ಕಾದಂಬರಿ ಒಯ್ಯುತ್ತಿದ್ದರು. ವಚನ ಹಾಡುತ್ತ ಮನೆಯಲ್ಲೇ ಅಕ್ಷರ ಕಲಿತವರು. ಕಥೆಯಲ್ಲಿ ಯಾರಾದರೂ ಸತ್ತರೆ ಅತ್ತು ಪುಟ ಒದ್ದೆ ಮಾಡಿ ತರುತ್ತಿದ್ದರು.

"ಸುಳ್ಳು ಕಥಿಗೆ ಯಾಕ ಅಳ್ತೀರಿ ಅಕ್ಕಾ?" ಎಂದು ನಗುತ್ತಿದ್ದೆ.

"ಕಟ್ಟಿದ ಕಥಿ ಅಂತ ಬರದವರೇ ಮೊದಲ ಹೇಳ್ಯಾರಲ್ರಿ. ಸುಳ್ಳು ಹ್ಯಾಂಗ ಆಗ್ತದ?"

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಔರಾದಿನ ಸಾಹುಕಾರ ಹಾವಗೆಪ್ಪ ತನ್ನ ಆತ್ಮಕಥೆ ಅಚ್ಚು ಹಾಕಿಸಿದ. ಹೊಸ ಸರ್ಕಾರದಲ್ಲಿ ಕುರ್ಚಿ ಬೇಕಿತ್ತಲ್ಲ, ಥೂ! ನಿಜಾಮನ ಕಾಲದಲ್ಲಿ ರಜಾಕಾರರ ದಾಳಿಗೆ ಹೆದರಿ ಓಡಿಬಂದವರಿಗೆಲ್ಲ ತನ್ನ ವಾಡೆಯ ಬಾಗಿಲು ಸದಾ ತೆರೆದಿತ್ತು ಎಂದು ಬರೆದುಕೊಂಡಿದ್ದ. ನಾನು ಅದನ್ನು ಜೀವನಚರಿತ್ರೆಯ ಕಪಾಟಿನಲ್ಲಿಟ್ಟೆ.

ಸುಂದರಬಾಯಿ ಆ ಪುಟ ಓದಿ, ಹೊಲಸು ಮುಟ್ಟಿದವರಂತೆ ಸೆರಗಿಗೆ ಕೈ ಒರೆಸಿಕೊಂಡರು.

"ಆ ಬಾಗಲಾ ಬಡದಾಕಿ ನಾನೇ ಇದ್ದೆರಿ. ಬಗಲಾಗ ಜ್ವರ ಬಂದ ಕೂಸಿತ್ತು. ಇಂವ ಒಳಗಿಂದ ಅಗಳಿ ಹಾಕಿದ ಸಪ್ಪಳ ಇನ್ನೂ ಕಿವ್ಯಾಗ ಅದ."

ಆ ಕೂಸು ಏನಾಯಿತೆಂದು ಕೇಳಬೇಕಾಗಿರಲಿಲ್ಲ. ಮನೆಯಲ್ಲಿ ಅವರೊಬ್ಬರೇ ಎಂಬುದು ಗೊತ್ತಿತ್ತು. ಸುಳ್ಳಿಗೆ ಅದೇ ಜಾಗವೆಂದು, ಪುಸ್ತಕ ಕಿತ್ತುಕೊಂಡು ಕಾದಂಬರಿಗಳ ಕಪಾಟಿನ ಕಡೆ ಹೊರಟೆ.

ಸುಂದರಬಾಯಿ ಅಡ್ಡ ನಿಂತರು.

"ಅಲ್ಲಿ ಇಡಬ್ಯಾಡ್ರಿ. ಅಲ್ಲಿ ಖರೇ ಮಾತು ಇರ್ತಾವ."