ಕೊಟ್ಟಿಗೆಯ ಬೆಂಕಿಗೆ ಎರಡನೇ ಸಾಕ್ಷಿ

ಊರಿನ ನೆನಪುಗಳನ್ನು ಬರೆದಿಡುವ ನಮ್ಮ ಸಂಘ ಭಾನುವಾರ ಸೇರುವುದು ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ. ಅಂಗಡಿ ನಡೆಸುವವರನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಮಾತ್ರೆಗಳ ಖಾಲಿ ಡಬ್ಬಗಳ ಮೇಲೆ ಬೀದಿಗಳ ಹೆಸರು ಬರೆದು, ಜನ ಹೇಳಿದ್ದನ್ನೆಲ್ಲ ಚೀಟಿಗಳಲ್ಲಿ ಗುರುತುಮಾಡಿ ಜೋಡಿಸಿದವರು ಅವರೇ. ನಿಯಮ ಮಾಡಿದವರೂ ಅವರೇ: ಒಬ್ಬರು ಹೇಳಿದ್ದನ್ನು, ಅದು ಕಿವಿಗೆ ಬಿದ್ದಿರದ ಇನ್ನೊಬ್ಬರು ಹೇಳಿದರೆ ಮಾತ್ರ ಪುಸ್ತಕಕ್ಕೆ. ಈ ನಿಯಮದಿಂದಾಗಿ ಎಷ್ಟೋ ಅಜ್ಜಂದಿರು ಹೊಡೆದ ತೋಳಗಳು ಬದುಕಿಕೊಂಡವು.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಮೇಲಿನ ಬೀದಿಯ ಡಬ್ಬ ತೆರೆದೆವು. ದನದ ಕೊಟ್ಟಿಗೆಗೆ ಬೆಂಕಿ ಬಿದ್ದ ಕಥೆ ಅದರಲ್ಲಿತ್ತು. ಮಟಮಟ ಮಧ್ಯಾಹ್ನ, ದೊಡ್ಡವರೆಲ್ಲ ಹೊಲದಲ್ಲಿ. ಹಸುಗಳು ತಾವೇ ಹಗ್ಗ ಹರಿದುಕೊಂಡು ಹೊರಬಂದವು. ಕೊಟ್ಟಿಗೆಯ ಯಜಮಾನ ಸಾಯುವವರೆಗೂ ಹಸುಗಳ ಬುದ್ಧಿಯನ್ನು ಹೊಗಳಿದ್ದೇ ಹೊಗಳಿದ್ದು.

“ಹರಿದಿದ್ದಲ್ಲ, ಕೊಯ್ದಿದ್ದು,” ಎಂದರು ಅಕ್ಕ. “ನಮ್ಮಮ್ಮ ಕುಡುಗೋಲು ಹಿಡ್ಕೊಂಡು ಒಳಗೆ ಹೋದ್ಲು. ನಾನು ಹೊಸಿಲ ಮೇಲೆ ಕೂತು ನೋಡ್ತಿದ್ದೆ. ನಂಗಾಗ ಆರು ವರ್ಷ.”

ಆ ಮನೆಗೂ ಇವರ ಮನೆಗೂ ಒಂದು ಗೋಡೆಯ ವಿಚಾರಕ್ಕೆ ಮಾತು ಬಿಟ್ಟಿತ್ತಂತೆ. ಉಪಕಾರ ಹೇಳಿಕೊಂಡು ರಾಜಿಗೆ ಬಂದಳು ಅನ್ನಿಸಿಕೊಳ್ಳುವುದು ಬೇಡವೆಂದು ಅಮ್ಮ ಬಾಯಿಬಿಡಲೇ ಇಲ್ಲ.

“ಹಾಗೇ ಬರ್ಕೊಳ್ಳೋಣ,” ಎಂದರು ಸಂಘದ ಅಧ್ಯಕ್ಷರಾದ ಮೇಷ್ಟ್ರು.

“ಎರಡನೇ ಸಾಕ್ಷಿ?”

“ನಿನ್ನ ಮಾತೇ ಸಾಕಮ್ಮ.”

“ಬೇರೆಯವರಿಗೆ ನಾನು ಸಾಕು ಅಂದಿಲ್ವಲ್ಲ ಮೇಷ್ಟ್ರೇ.”

ಅಕ್ಕ ಚೀಟಿಯನ್ನು ಪಕ್ಕಕ್ಕಿಟ್ಟು ಕನ್ನಡಕ ಒರೆಸಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. ಇಡೀ ಪುಸ್ತಕದಲ್ಲಿ ಅಮ್ಮನ ಹೆಸರು ಬರಬಹುದಾಗಿದ್ದುದು ಅಲ್ಲೊಂದೇ ಕಡೆ.

ಮುಂದಿನ ಭಾನುವಾರ ಎದುರಂಗಡಿಯ ದರ್ಜಿಯಣ್ಣ ಬಂದರು. ಅಕ್ಕನಿಗಿಂತ ನಾಲ್ಕು ವರ್ಷ ದೊಡ್ಡವರು.

“ಬೆಂಕಿ ಬಿದ್ದಿದ್ದು ನಾನೂ ನೋಡಿದೀನಿ. ನಿಮ್ಮಮ್ಮ ಕುಡುಗೋಲು ಹಿಡ್ಕೊಂಡು ಒಳಗೆ ಹೋದ್ರು. ನೀನು ಹೊಸಿಲ ಮೇಲೆ ಕೂತು ನೋಡ್ತಿದ್ದೆ. ನಿಂಗಾಗ ಆರು ವರ್ಷ.”

“ನೀನೆಲ್ಲಿದ್ದೆ ಅಣ್ಣ?”

“ಅಲ್ಲೇ... ಬೀದೀಲಿ.”

“ಅಷ್ಟು ಹತ್ರ ಇದ್ದೋನು ನನ್ನ ಎತ್ಕೊಂಡು ದೂರ ಹೋಗೋದು ಬಿಟ್ಟು ನನ್ನ ವಯಸ್ಸು ಲೆಕ್ಕ ಹಾಕ್ತಾ ನಿಂತಿದ್ಯಾ?”

ದರ್ಜಿಯಣ್ಣ ಕತ್ತು ಕೆರೆದುಕೊಂಡರು.

“ಮೇಷ್ಟ್ರು ಕೊಟ್ಟ ಅಳತೆಗೇ ಹೊಲಿದು ತಂದಿದೀಯ,” ಎಂದರು ಅಕ್ಕ. “ಒಂದು ನೂಲು ಆಚೀಚೆ ಆಗಿಲ್ಲ.”

ಮೇಷ್ಟ್ರು ಕಿಟಕಿಯಾಚೆ ಏನನ್ನೋ ಹುಡುಕತೊಡಗಿದರು.

ಅಕ್ಕನಿಗೆ ಕೋಪ ಬಂದಿರಲಿಲ್ಲ. ಕುರ್ಚಿ ಎಳೆದು ಕೊಟ್ಟು ಕೇಳಿದರು: “ಪುಸ್ತಕ ಹಾಗಿರಲಿ. ಅಮ್ಮನ ಬಗ್ಗೆ ನಿಂಗೆ ನಿಜವಾಗ್ಲೂ ಏನು ನೆನಪಿದೆ?”

“ಹೇಳಿಕೊಳ್ಳೋ ಅಂಥದ್ದೇನಿಲ್ಲ ಕಣಮ್ಮ. ಒಂದು ಟೋಪಿ. ನಮ್ಮಪ್ಪನ ಹತ್ರ ಹೊಲಿಸ್ಕೊಂಡ್ರು, ಕಿವಿ ಮುಚ್ಚೋ ಹಾಗೆ. ಸುಡು ಬೇಸಿಗೇಲಿ ಟೋಪಿ ಯಾಕಪ್ಪಾ ಅಂತ ನಂಗೆ ನಗು. ಅಳತೆಗೆ ಅಂತ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ರು ನೋಡು, ಒಂದು ಕಡೆ ಕೂದಲೆಲ್ಲ ಸುಟ್ಟು ಮುದುರಿತ್ತು. ಏನಾಯ್ತು ಅಂತ ಅಪ್ಪ ಕೇಳಿದ್ರೆ, ‘ಒಲೆ’ ಅಂದ್ರು, ಅಷ್ಟೆ.”

ಮೇಷ್ಟ್ರು ಕಿಟಕಿಯಿಂದ ತಿರುಗಿದರು. “ಯಾವಾಗ ಇದು?”

“ಅದೇ ಬೇಸಿಗೆ. ಕೊಟ್ಟಿಗೆ ಯಜಮಾನ ಅಂಗಡೀಲೇ ಕೂತು ಹಸುಗಳ ಪುರಾಣ ಬಿಚ್ಚಿದ್ದ. ನಿಮ್ಮಮ್ಮ ಒಳಗೆ ಬಂದಿದ್ದೇ ತಡ, ಮುಖ ಗಂಟು ಹಾಕ್ಕೊಂಡು ಎದ್ದು ಹೋದ.”

ತಾನೇನು ಹೇಳಿದೆನೆಂದು ದರ್ಜಿಯಣ್ಣನಿಗೆ ಇನ್ನೂ ಹೊಳೆದಿರಲಿಲ್ಲ.

“ನಂಗೆ ಟೋಪಿ ನೆನಪೇ ಇಲ್ಲ,” ಎಂದರು ಅಕ್ಕ ಮೆಲ್ಲಗೆ.

“ಒಳ್ಳೇದೇ ಆಯ್ತು,” ಎಂದರು ಮೇಷ್ಟ್ರು. “ನೆನಪಿದ್ದಿದ್ರೆ ಅದನ್ನೂ ನಂಗೆ ಹೇಳಿರ್ತಿದ್ದೆ, ನಾನು ಇವನಿಗೆ ಹೇಳಿರ್ತಿದ್ದೆ.”

ಅಕ್ಕ ಹೊಸ ಚೀಟಿ ತೆಗೆದುಕೊಂಡು ದರ್ಜಿಯಣ್ಣನಿಂದ ಎಲ್ಲವನ್ನೂ ಮೊದಲಿಂದ, ನಿಧಾನವಾಗಿ ಹೇಳಿಸಿದರು.

“ಬಣ್ಣ?”

“ಮಿಕ್ಕಿದ ತುಂಡು ಬಟ್ಟೇದು. ಒಂದು ಕಡೆ ನೀಲಿ, ಇನ್ನೊಂದು ಕಡೆ ಪಟ್ಟೆ.”

“ಸುಟ್ಟ ಕಡೆಗೆ ಯಾವ ಬಟ್ಟೆ ಬಂದಿತ್ತು?”

“ಅದು ಗೊತ್ತಿಲ್ಲಮ್ಮ.”

“ಗೊತ್ತಿಲ್ಲ ಅಂತಲೇ ಬರ್ಕೋತೀನಿ,” ಎಂದು ಅಕ್ಕ ಬರೆದುಕೊಂಡರು. ಆಮೇಲೆ ಚೀಟಿಯ ಮೇಲ್ಭಾಗದಲ್ಲಿ ಅಮ್ಮನ ಹೆಸರನ್ನು ಪೂರ್ತಿಯಾಗಿ ಬರೆದರು.